ಸೈಟ್ ತೆರೆಯುತ್ತಿಲ್ಲವೇ? ಬ್ಲಾಕ್ ಆಗಿದೆಯೋ, ಬೇರೆ ತೊಂದರೆಯೋ ಹೀಗೆ ಪತ್ತೆ ಹಚ್ಚಿ

“ಸರ್, ಸೈಟ್ ಬ್ಲಾಕ್ ಮಾಡ್ಯಾರ್ರಿ. ಓಪನ್ ಆಗವಲ್ದು.”

ಬಾಗಲಕೋಟೆ ನವನಗರದ ಒಂದು ಕಾಲೇಜಿನಲ್ಲಿ ನಾನು ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಅದಕ್ಕೂ ಮುಂಚೆ ವಿಜಯಪುರದ ಒಂದು ನೆಟ್ ಸೆಂಟರ್‌ನಲ್ಲಿದ್ದೆ. ಎರಡೂ ಕಡೆ ತುಂಬಾ ಸಲ ಕೇಳಿದ ಮಾತು ಇದೇ. ಎದ್ದು ಹೋಗಿ ನೋಡಿದರೆ ಎಷ್ಟೋ ಸಲ ಯಾರೂ ಏನನ್ನೂ ಬ್ಲಾಕ್ ಮಾಡಿರುವುದಿಲ್ಲ. ಕಂಪ್ಯೂಟರಿನ ತಾರೀಕು ತಪ್ಪಿರುತ್ತದೆ. ವೈಫೈ ಲಾಗಿನ್ ಹೋಗಿರುತ್ತದೆ. ಯಾವಾಗಲೋ ಹಾಕಿದ ಪ್ರಾಕ್ಸಿ (ನಮ್ಮ ಬದಲು ಸೈಟ್ ತರಿಸಿಕೊಡುವ ನಡುವಿನ ಸರ್ವರ್) ಸೆಟ್ಟಿಂಗ್ ಹಾಗೇ ಉಳಿದಿರುತ್ತದೆ. ಅಷ್ಟರಲ್ಲಿ ಹುಡುಗರು ಯಾವುದೋ ಪುಕ್ಕಟೆ ಪ್ರಾಕ್ಸಿ ಸೈಟ್ ಹುಡುಕಿ, ಅದರ ಮೂಲಕ ತಮ್ಮ ಪಾಸ್‌ವರ್ಡ್ ಹಾಕಿ ಮುಗಿಸಿರುತ್ತಾರೆ. ಅದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಇಲ್ಲದ ಗೋಡೆ ಹಾರಲು ಹೋಗಿ ಮನೆಯ ಕೀಲಿಯನ್ನು ಗೊತ್ತಿಲ್ಲದವರ ಕೈಗೆ ಕೊಟ್ಟ ಹಾಗೆ ಅಲ್ವಾ ಅದು?

ಆದ್ದರಿಂದ ದಾರಿ ಹುಡುಕುವ ಮೊದಲು ಸೈಟ್ ಎಲ್ಲಿ ನಿಂತಿದೆ ಎಂದು ನೋಡಿ. ನಿಮ್ಮ ಕಂಪ್ಯೂಟರಿನಲ್ಲೇ ನಿಂತಿದೆಯೋ, ಕಾಲೇಜಿನ ನೆಟ್‌ಗೆ ಕಾವಲಿರುವ ಫೈರ್‌ವಾಲ್‌ನಲ್ಲೋ, ಇಂಟರ್ನೆಟ್ ಕೊಡುವ ಕಂಪನಿಯಲ್ಲೋ, ಆ ಸೈಟಿನ ಸರ್ವರ್‌ನಲ್ಲೋ? ಈ ನಾಲ್ಕು ಜಾಗಕ್ಕೆ ನಾಲ್ಕು ಬೇರೆ ಮದ್ದು.

ಮೊದಲ ಐದು ನಿಮಿಷ

ಬೇರೆ ಸೈಟ್ ತೆರೆದು ನೋಡಿ. ಅದೂ ತೆರೆಯದಿದ್ದರೆ ಬ್ಲಾಕ್ ಮಾತು ಬಿಡಿ, ನೆಟ್ಟೇ ಇಲ್ಲ. ತೆರೆದರೆ, ಅದೇ ವಿಳಾಸವನ್ನು ಪಕ್ಕದ ಕಂಪ್ಯೂಟರಿನಲ್ಲಿ ಹಾಕಿ. ಅಲ್ಲಿ ಬಂದರೆ ತೊಂದರೆ ನಿಮ್ಮ ಕಂಪ್ಯೂಟರಿನಲ್ಲಿದೆ. ಅಲ್ಲೂ ಬರದಿದ್ದರೆ ಮೊಬೈಲಿನ ವೈಫೈ ಆಫ್ ಮಾಡಿ, ಡೇಟಾದಲ್ಲಿ ನೋಡಿ. ಡೇಟಾದಲ್ಲಿ ಬಂದು ಕಾಲೇಜಿನ ನೆಟ್‌ನಲ್ಲಿ ಬರದಿದ್ದರೆ ಕಾಲೇಜಿನ ಫಿಲ್ಟರ್ ಇರಬಹುದು, ಕಾಲೇಜಿನ ಲೈನ್ ಕೊಡುವ ಕಂಪನಿಯೂ ಇರಬಹುದು. ಎರಡು ಬೇರೆ ಕಂಪನಿಯ ಸಿಮ್‌ಗಳಲ್ಲೂ ಬರದಿದ್ದರೆ ಸೈಟೇ ಬಿದ್ದಿರಬಹುದು, ಇಲ್ಲವೇ ದೇಶದ ಮಟ್ಟದಲ್ಲಿ ತಡೆದಿರಬಹುದು.

ವೈಫೈ ಆಫ್ ಮಾಡುವುದನ್ನು ಬಹಳ ಜನ ಮರೆಯುತ್ತಾರೆ. ಫೋನ್ ಕಾಲೇಜಿನ ವೈಫೈಗೇ ಅಂಟಿಕೊಂಡಿರುತ್ತದೆ. “ಫೋನಿನ್ಯಾಗೂ ಬರವಲ್ದ್ರಿ” ಎಂದು ಹೇಳುತ್ತಾರೆ. ಆಗ ಪರೀಕ್ಷೆಯೇ ದಾರಿ ತಪ್ಪುತ್ತದೆ.

ಇನ್ನೊಂದು, ಬ್ರೌಸರಿನ ಖಾಸಗಿ ಕಿಟಕಿಯಲ್ಲಿ (ಇನ್‌ಕಾಗ್ನಿಟೊ) ಒಮ್ಮೆ ತೆರೆದು ನೋಡಿ. ಅಲ್ಲಿ ಎಕ್ಸ್‌ಟೆನ್ಶನ್‌ಗಳು (ಬ್ರೌಸರಿಗೆ ಸೇರಿಸಿದ ಸಣ್ಣ ಪ್ರೋಗ್ರಾಂಗಳು) ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ, ಹಳೆಯ ಕುಕ್ಕಿಯೂ (ಸೈಟ್ ಬ್ರೌಸರಿನಲ್ಲಿ ಉಳಿಸಿದ ಗುರುತಿನ ಚೀಟಿ) ಇರುವುದಿಲ್ಲ. ಅಲ್ಲಿ ಬಂತು ಎಂದರೆ ಜಾಹೀರಾತು ತಡೆಯುವ ಎಕ್ಸ್‌ಟೆನ್ಶನ್ ಅಥವಾ ಹಳೆಯ ಕುಕ್ಕಿ ಅಡ್ಡ ಬಂದಿದೆ.

ಪರದೆಯ ಮೇಲೆ ಏನು ಬರೆದಿದೆ?

ದಯವಿಟ್ಟು ಫೋಟೋ ತೆಗೆದುಕೊಳ್ಳಿ. “ಏನೋ ಎರರ್ ಬಂತು” ಎಂದರೆ ನನಗೇನೂ ತಿಳಿಯುವುದಿಲ್ಲ. ಆ ಒಂದು ಸಾಲಿನಲ್ಲೇ ಅರ್ಧ ಉತ್ತರ ಇರುತ್ತದೆ.

ಕಾಲೇಜಿನ ಅಥವಾ ಫೈರ್‌ವಾಲ್ ಕಂಪನಿಯ ಹೆಸರಿರುವ ಪುಟ ಬಂದು, “ಈ ಪುಟವನ್ನು ತಡೆಯಲಾಗಿದೆ, ವರ್ಗ ಇಂಥದ್ದು” ಎಂದು ತೋರಿಸಿದರೆ ಅದು ನಿಜವಾದ ಬ್ಲಾಕ್. ಆ ವರ್ಗದ ಹೆಸರನ್ನು ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. 404 ಬಂದರೆ ಸಾಮಾನ್ಯವಾಗಿ ನೀವು ಸರ್ವರ್ ತಲುಪಿದ್ದೀರಿ, ಆ ಪುಟ ಅಲ್ಲಿಲ್ಲ ಅಷ್ಟೇ. 403 ಎಂದರೆ ಸರ್ವರ್ ಒಳಗೆ ಬಿಡುತ್ತಿಲ್ಲ. ಕೆಲವು ಫಿಲ್ಟರ್‌ಗಳೂ 403 ಕಳಿಸುತ್ತವೆ, ಹಾಗಾಗಿ ಪುಟದ ಮೇಲೆ ಯಾರ ಹೆಸರಿದೆ ನೋಡಿ. 429 ಎಂದರೆ ಒಂದೇ ಕಡೆಯಿಂದ ಜಾಸ್ತಿ ಕೋರಿಕೆ ಬರುತ್ತಿವೆ ಎಂದು ಅರ್ಥ. ಇದು ಕಾಲೇಜಿನಲ್ಲಿ ಸಹಜ. ಹೊರಗಿನ ಸರ್ವರಿಗೆ ನಮ್ಮ ಲ್ಯಾಬಿನ ಅರವತ್ತು ಕಂಪ್ಯೂಟರ್‌ಗಳೂ ಒಂದೇ ಐಪಿ ವಿಳಾಸವಾಗಿ, ಅಂದರೆ ಇಂಟರ್ನೆಟ್ಟಿನ ಒಂದೇ ವಿಳಾಸ ಸಂಖ್ಯೆಯಾಗಿ ಕಾಣುತ್ತವೆ. ಮೇಲಿಂದ ಮೇಲೆ “ನೀವು ಮನುಷ್ಯರೇ?” ಎಂದು ಕೇಳುವುದೂ ಅದಕ್ಕೇ. 451 ಎಂದರೆ ಕಾನೂನಿನ ಕಾರಣಕ್ಕೆ ತಡೆಯಲಾಗಿದೆ ಎಂದು. ಈ ಸಂಖ್ಯೆ 2016ರಲ್ಲಿ ಇಂಟರ್ನೆಟ್ ಮಾನಕಗಳಲ್ಲಿ ಸೇರಿತು.

ಪಿಂಗ್ (ಸರ್ವರಿಗೆ ಸಣ್ಣ ಸಂದೇಶ ಕಳಿಸಿ ಉತ್ತರ ಬರುತ್ತದೆಯೇ ಎಂದು ನೋಡುವುದು) ಮಾಡಿ ತೀರ್ಮಾನಕ್ಕೆ ಬರಬೇಡಿ. ಎಷ್ಟೋ ಒಳ್ಳೆಯ ಸರ್ವರ್‌ಗಳೇ ಪಿಂಗ್‌ಗೆ ಉತ್ತರ ಕೊಡುವುದಿಲ್ಲ.

ತಾರೀಕು ತಪ್ಪಿದ ಕಂಪ್ಯೂಟರ್

ದಸರೆ ರಜೆ ಮುಗಿಸಿ ಲ್ಯಾಬ್ ತೆರೆದ ದಿನ. ಸ್ಕಾಲರ್‌ಶಿಪ್ ಅರ್ಜಿಗೆ ಮರುದಿನವೇ ಕಡೆ ದಿನ. ಮುಧೋಳ ಕಡೆಯ ಹಳ್ಳಿಯಿಂದ ಬರುವ ಒಬ್ಬ ಹುಡುಗಿ ಅಳುವ ಹಾಗಾಗಿದ್ದಳು. ಅರ್ಜಿಯ ಸೈಟ್ ಕೆಂಪು ಗುರುತು ತೋರಿಸಿ “ನಿಮ್ಮ ಸಂಪರ್ಕ ಸುರಕ್ಷಿತವಲ್ಲ” ಎನ್ನುತ್ತಿತ್ತು. ಪಕ್ಕದವರು “ಕಾಲೇಜ್‌ನವರ ಬ್ಲಾಕ್ ಮಾಡ್ಯಾರ, ವಿಪಿಎನ್ ಹಾಕು” ಎಂದು ಹೇಳಿದ್ದರು. ವಿಪಿಎನ್ ಎಂದರೆ ನಮ್ಮ ಸಂಚಾರವನ್ನೆಲ್ಲ ಬೇರೊಂದು ಕಂಪನಿಯ ಸರ್ವರ್ ಮೂಲಕ ಮುಚ್ಚಿ ಕಳಿಸುವ ಆಪ್. ಅವಳು ಅದನ್ನು ಹಾಕಲು ಹೊರಟಿದ್ದಳು.

ನಾನು ನೋಡಿದ್ದು ಪರದೆಯ ಬಲ ಮೂಲೆ. ತಾರೀಕು 2009ಕ್ಕೆ ಹೋಗಿತ್ತು.

ಸುರಕ್ಷಿತ ಸೈಟ್‌ಗಳಿಗೆಲ್ಲ ಒಂದು ಸರ್ಟಿಫಿಕೇಟ್ ಇರುತ್ತದೆ. ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಅದಕ್ಕೆ ಅವಧಿ. ಕಂಪ್ಯೂಟರಿನ ಲೆಕ್ಕದಲ್ಲಿ ಇವತ್ತು 2009 ಆದರೆ ಆ ಸರ್ಟಿಫಿಕೇಟ್ ಇನ್ನೂ ಹುಟ್ಟೇ ಇಲ್ಲ. ಬ್ರೌಸರ್ ಸರಿಯಾಗಿಯೇ ತಡೆಯುತ್ತದೆ. ಕಾರಣ ಮದರ್‌ಬೋರ್ಡ್ ಮೇಲಿನ ಬಿಲ್ಲೆಯಂಥ ಬ್ಯಾಟರಿ. ಹೆಚ್ಚಿನ ಡೆಸ್ಕ್‌ಟಾಪ್‌ಗಳಲ್ಲಿ ಸಿಆರ್2032 ಎಂಬ 3 ವೋಲ್ಟಿನದು ಇರುತ್ತದೆ. ಅದು ಸತ್ತಿದ್ದರೆ, ಕರೆಂಟು ಪೂರ್ತಿ ತೆಗೆದಿಟ್ಟ ಕಂಪ್ಯೂಟರ್ ಕಾಲವನ್ನೇ ಮರೆಯುತ್ತದೆ.

ತಾರೀಕು, ಸಮಯ, ಭಾರತದ ಸಮಯವಲಯ ಮೂರನ್ನೂ ಸರಿ ಮಾಡಿದೆ. ಸೈಟ್ ತೆರೆಯಿತು. ಆಮೇಲೆ ಬ್ಯಾಟರಿ ಬದಲಿಸಿದೆ. ಕಂಪ್ಯೂಟರ್ ತಾನಾಗಿ ಸಮಯ ಯಾಕೆ ಸರಿ ಮಾಡಿಕೊಳ್ಳಲಿಲ್ಲ ಎಂದು ಹುಡುಕಿದರೆ, ಫೈರ್‌ವಾಲ್‌ನಲ್ಲಿ 123ನೇ ಪೋರ್ಟ್, ಅಂದರೆ ಆ ಸಂಖ್ಯೆಯ ಬಾಗಿಲು, ಮುಚ್ಚಿತ್ತು. ಸಮಯದ ಸರ್ವರ್ ಜೊತೆ ಮಾತು ನಡೆಯುವುದು ಆ ಪೋರ್ಟ್‌ನಲ್ಲಿ. ನಿಮ್ಮ ಲ್ಯಾಬಿನಲ್ಲೂ ಇದನ್ನು ನೋಡಿಕೊಳ್ಳಿ.

ಇದರ ಪಕ್ಕದ ಸಂಬಂಧಿಯೊಂದಿದೆ. ತಾರೀಕು ಸರಿ ಇದ್ದೂ ಹಳೆಯ ಕಂಪ್ಯೂಟರಿನಲ್ಲಿ ಮಾತ್ರ ಸರ್ಟಿಫಿಕೇಟ್ ತಪ್ಪು ಬರುತ್ತದೆ. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಸರ್ಟಿಫಿಕೇಟ್‌ಗಳು ಆಧಾರ ಮಾಡಿಕೊಂಡಿದ್ದ ಒಂದು ಹಳೆಯ ಮೂಲ ಸರ್ಟಿಫಿಕೇಟ್‌ನ ಅವಧಿ 2021ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಅಪ್‌ಡೇಟ್ ಕಾಣದ ಹಳೆಯ ಕಂಪ್ಯೂಟರ್‌ಗಳಲ್ಲಿ ಅಂದಿನಿಂದ ಎಷ್ಟೋ ಸೈಟ್‌ಗಳು ನಿಂತವು. ವಿಂಡೋಸ್ 7ಕ್ಕೆ ಕ್ರೋಮ್‌ನ ಕೊನೆಯ ಆವೃತ್ತಿ 109, ಅದು ಬಂದದ್ದು 2023ರ ಜನವರಿಯಲ್ಲಿ. ಆ ಕಂಪ್ಯೂಟರ್ ಇನ್ನೂ ಬಳಕೆಯಲ್ಲಿದ್ದರೆ ಅದಕ್ಕೆ ವಿಪಿಎನ್ ಹಾಕಿ ಪ್ರಯೋಜನವಿಲ್ಲ. ಹೊಸ ವಿಂಡೋಸ್ ಅಥವಾ ಲಿನಕ್ಸ್ ಹಾಕಬೇಕು.

ಲಾಗಿನ್ ಹೋಗಿದೆ, ಗೊತ್ತಾಗಿಲ್ಲ

ನಮ್ಮಲ್ಲಿ ಮಧ್ಯಾಹ್ನ ಕರೆಂಟು ಹೋಗಿ ಬಂದ ಮೇಲೆ ಹತ್ತು ಜನ ಒಟ್ಟಿಗೆ ಬರುತ್ತಾರೆ. ಕಾಲೇಜಿನ ನೆಟ್‌ಗೆ ಲಾಗಿನ್ ಪುಟ ಇದ್ದರೆ, ಸಂಪರ್ಕ ಕಡಿದಾಗ ಲಾಗಿನ್ ಕೂಡ ಹೋಗುತ್ತದೆ. ವೈಫೈ ಗುರುತು ಮಾತ್ರ ಪೂರ್ತಿ ಕಾಣುತ್ತದೆ. ಸುರಕ್ಷಿತ ಸೈಟ್ ತೆರೆಯಲು ಹೋದರೆ ಲಾಗಿನ್ ಪುಟ ಬರದೆ ಬರೀ ಎರರ್ ಬರುತ್ತದೆ. ಯಾಕೆಂದರೆ ಸುರಕ್ಷಿತ ಸಂಪರ್ಕವನ್ನು ನಡುವೆ ಹಿಡಿದು ಬೇರೆ ಪುಟಕ್ಕೆ ತಿರುಗಿಸಲು ಬ್ರೌಸರ್ ಬಿಡುವುದಿಲ್ಲ.

ಉಪಾಯ ಸುಲಭ. ನೆವರ್‌ಎಸ್‌ಎಸ್‌ಎಲ್ ಡಾಟ್ ಕಾಮ್ ಎಂಬ ಸೈಟನ್ನು ತೆರೆಯಿರಿ. ಅದು ಬೇಕೆಂದೇ ಸುರಕ್ಷಿತ ಸಂಪರ್ಕ ಬಳಸುವುದಿಲ್ಲ. ಲಾಗಿನ್ ಪುಟ ಥಟ್ಟನೆ ಬರುತ್ತದೆ. ಸೈಬರೋಮ್, ಸೋಫೋಸ್ ಫೈರ್‌ವಾಲ್ ಇರುವ ಕಡೆ ಲಾಗಿನ್ ವಿಳಾಸದ ಕೊನೆಗೆ ಸಾಮಾನ್ಯವಾಗಿ 8090 ಇರುತ್ತದೆ. ಅದನ್ನು ಬುಕ್‌ಮಾರ್ಕ್ ಮಾಡಿಟ್ಟುಕೊಂಡರೆ ಇನ್ನೂ ಒಳ್ಳೆಯದು.

ಫೋನಿನಲ್ಲಿ ಮಾತ್ರ ತೊಂದರೆಯೇ? ಆಂಡ್ರಾಯ್ಡ್ 10 ಮತ್ತು ಐಫೋನಿನ ಐಓಎಸ್ 14ರಿಂದ ಫೋನ್‌ಗಳು ವೈಫೈಗೆ ತಮ್ಮ ನಿಜವಾದ ಮ್ಯಾಕ್ ವಿಳಾಸ (ಪ್ರತಿ ಸಾಧನದ ಗುರುತಿನ ಸಂಖ್ಯೆ) ಹೇಳುವುದಿಲ್ಲ, ಕೃತಕ ವಿಳಾಸ ಕೊಡುತ್ತವೆ. ಕಾಲೇಜಿನಲ್ಲಿ ಮ್ಯಾಕ್ ವಿಳಾಸ ನೋಂದಾಯಿಸಿ ಬಿಡುವ ಪದ್ಧತಿ ಇದ್ದರೆ ನಿಮ್ಮ ಫೋನ್ ಹೊರಗೇ ನಿಲ್ಲುತ್ತದೆ. ಆ ಒಂದು ವೈಫೈಗೆ ಮಾತ್ರ ನಿಜವಾದ ವಿಳಾಸ ಬಳಸುವಂತೆ ಸೆಟ್ಟಿಂಗ್‌ನಲ್ಲಿ ಬದಲಿಸಿ.

ಹಳೆಯ ಪ್ರಾಕ್ಸಿಯ ಕುರುಹು

“ಪ್ರಾಕ್ಸಿ ಸರ್ವರ್ ಉತ್ತರಿಸುತ್ತಿಲ್ಲ” ಎಂದು ಬಂದರೆ ವಿಂಡೋಸ್ ಸೆಟ್ಟಿಂಗ್‌ನಲ್ಲಿ ನೆಟ್‌ವರ್ಕ್, ಅದರೊಳಗೆ ಪ್ರಾಕ್ಸಿ ನೋಡಿ. ಅಲ್ಲಿ 127.0.0.1 ಎಂದಿದ್ದರೆ ಅದು ಕಂಪ್ಯೂಟರ್ ತನ್ನನ್ನೇ ತಾನು ಕರೆಯುವ ವಿಳಾಸ. ಯಾವುದೋ ವಿಪಿಎನ್ ಆಪ್ ಹಾಕಿ ತೆಗೆದಾಗ ಈ ಸಾಲು ಉಳಿದುಕೊಳ್ಳುತ್ತದೆ. ಆಫ್ ಮಾಡಿ. ಆದರೆ ಕಾಲೇಜಿನದೇ ಪ್ರಾಕ್ಸಿ ವಿಳಾಸ ಇದ್ದರೆ ಮುಟ್ಟಬೇಡಿ, ತೆಗೆದರೆ ಇರುವ ನೆಟ್ಟೂ ಹೋಗುತ್ತದೆ.

ಒಂದೇ ಒಂದು ಸೈಟ್, ಒಂದೇ ಒಂದು ಕಂಪ್ಯೂಟರಿನಲ್ಲಿ, ಎಲ್ಲ ಬ್ರೌಸರಿನಲ್ಲೂ ಬರುತ್ತಿಲ್ಲ ಎಂದರೆ ಸೈಟ್ ಹೆಸರಿಗೆ ವಿಳಾಸ ಬರೆದಿಡುವ ಹೋಸ್ಟ್ಸ್ ಎಂಬ ಫೈಲ್ ತೆರೆದು ನೋಡಿ. ಯಾರೋ ಹಿಂದೆ ಅಲ್ಲಿ ಒಂದು ಸಾಲು ಬರೆದಿಟ್ಟಿರಬಹುದು.

ಹೆಸರಿನಿಂದ ವಿಳಾಸ ಸಿಗದಿದ್ದರೆ

ಇಡೀ ನವನಗರ ನಡೆಯುವುದು ಸೆಕ್ಟರ್ ನಂಬರ್ ಮೇಲೆ. ಹೆಸರು ಗೊತ್ತಿದ್ದು ಸೆಕ್ಟರ್ ಗೊತ್ತಿಲ್ಲದಿದ್ದರೆ ಮನೆ ಸಿಗುವುದು ಕಷ್ಟ. ಇಂಟರ್ನೆಟ್ಟಿನಲ್ಲೂ ಹಾಗೆ. ಸೈಟಿನ ಹೆಸರು ಹೇಳಿದರೆ ಅದರ ಐಪಿ ಸಂಖ್ಯೆ ಹೇಳುವುದು ಡಿಎನ್‌ಎಸ್ ಕೆಲಸ. ಬ್ಲಾಕ್ ಮಾಡುವ ಅತಿ ಅಗ್ಗದ ವಿಧಾನವೂ ಇದೇ: ಹೆಸರು ಕೇಳಿದಾಗ ವಿಳಾಸ ಹೇಳದಿರುವುದು, ಅಥವಾ ಸುಳ್ಳು ವಿಳಾಸ ಹೇಳುವುದು.

ಪರೀಕ್ಷೆ ಹೀಗೆ. ಕಮಾಂಡ್ ಕಿಟಕಿಯಲ್ಲಿ ಎನ್‌ಎಸ್‌ಲುಕಪ್ (nslookup) ಎಂದು ಒಂದೇ ಪದವಾಗಿ ಬರೆದು, ಜಾಗ ಬಿಟ್ಟು ಸೈಟಿನ ಹೆಸರು ಹಾಕಿ. ಉತ್ತರ ಬರೆದುಕೊಳ್ಳಿ. ಈಗ ಅದೇ ಸಾಲಿನ ಕೊನೆಗೆ 1.1.1.1 ಸೇರಿಸಿ ಮತ್ತೆ ಕೇಳಿ. ಇದು ಕ್ಲೌಡ್‌ಫ್ಲೇರ್ 2018ರಲ್ಲಿ ಶುರು ಮಾಡಿದ ಸಾರ್ವಜನಿಕ ಡಿಎನ್‌ಎಸ್. ಗೂಗಲ್‌ನ 8.8.8.8 ಅದಕ್ಕೂ ಹಳೆಯದು, 2009ರದು. ಮೊದಲ ಉತ್ತರ 0.0.0.0 ಅಥವಾ 192.168 ಎಂದು ಶುರುವಾಗುವ ವಿಳಾಸವಾಗಿದ್ದು, ಎರಡನೆಯದು ಬೇರೆ ಇದ್ದರೆ, ತಡೆ ಡಿಎನ್‌ಎಸ್‌ನಲ್ಲಿದೆ. ದೊಡ್ಡ ಸೈಟ್‌ಗಳಿಗೆ ಊರಿಂದ ಊರಿಗೆ ಬೇರೆ ಸಂಖ್ಯೆ ಬರುವುದು ಸಹಜ. ಬರೀ ಸಂಖ್ಯೆ ಬೇರೆಯಾಯಿತೆಂದು ಬ್ಲಾಕ್ ಎನ್ನಬೇಡಿ.

ಒಂದು ಮಾತು ನೆನಪಿರಲಿ. ಡಿಎನ್‌ಎಸ್ ಮಾತು 53ನೇ ಪೋರ್ಟ್‌ನಲ್ಲಿ ಬಯಲಾಗಿ ನಡೆಯುತ್ತದೆ. ಕೆಲವು ಕಾಲೇಜುಗಳ ಫೈರ್‌ವಾಲ್ ಆ ಪೋರ್ಟಿನ ಎಲ್ಲ ಪ್ರಶ್ನೆಗಳನ್ನೂ ತಾನೇ ಹಿಡಿದು ಉತ್ತರಿಸುತ್ತದೆ. ಆಗ ನೀವು 1.1.1.1ಕ್ಕೆ ಕೇಳಿದರೂ ಉತ್ತರ ಕೊಡುವುದು ಫೈರ್‌ವಾಲ್. ಎರಡೂ ಉತ್ತರ ಒಂದೇ ಬರುತ್ತದೆ.

ಮನೆಯ ಸ್ವಂತ ನೆಟ್‌ನಲ್ಲಿ ಡಿಎನ್‌ಎಸ್ ಬದಲಿಸುವುದು ನಿಮ್ಮಿಷ್ಟ. ಕಂಪನಿಯ ಡಿಎನ್‌ಎಸ್ ನಿಧಾನವಾಗಿದ್ದರೆ ಬದಲಿಸುವುದೇ ಒಳ್ಳೆಯದು. ಕಾಲೇಜಿನ ಕಂಪ್ಯೂಟರಿನಲ್ಲಿ ಮಾತ್ರ ಕೇಳಿ ಬದಲಿಸಿ. ಕೆಲವು ಲ್ಯಾಬ್‌ಗಳಲ್ಲಿ 1.1.1.3 ಹಾಕಿರುತ್ತಾರೆ. ಅದು ವೈರಸ್ ಸೈಟ್, ಅಶ್ಲೀಲ ಸೈಟ್ ಎರಡನ್ನೂ ತಡೆಯುವ ಡಿಎನ್‌ಎಸ್. ಹೈಸ್ಕೂಲ್ ಮಕ್ಕಳಿರುವ ಕಡೆ ಅದು ಬೇಕು ಎಂದೇ ನಾನು ಹೇಳುತ್ತೇನೆ.

ನಿಜವಾದ ಫಿಲ್ಟರ್ ಸಿಕ್ಕಿತು

ಎಲ್ಲ ನೋಡಿಯಾಯಿತು, ಕಾಲೇಜಿನ ಫೈರ್‌ವಾಲೇ ತಡೆಯುತ್ತಿದೆ. ಅದು ಹೇಗೆ ನೋಡುತ್ತದೆ? ಸೈಟ್ ಸುರಕ್ಷಿತವಾಗಿದ್ದರೆ ಒಳಗಿನ ಪುಟ ಅದಕ್ಕೆ ಕಾಣುವುದಿಲ್ಲ. ಆದರೆ ಸಂಪರ್ಕ ಶುರುವಾಗುವ ಮೊದಲ ಕ್ಷಣದಲ್ಲಿ ಬ್ರೌಸರ್ ಸೈಟಿನ ಹೆಸರನ್ನು ಸಾಮಾನ್ಯವಾಗಿ ಬಯಲಾಗಿ ಹೇಳುತ್ತದೆ. ಪೋಸ್ಟ್ ಕವರಿನ ಒಳಗಿನ ಪತ್ರ ಕಾಣದಿದ್ದರೂ ಮೇಲಿನ ವಿಳಾಸ ಕಂಡ ಹಾಗೆ. ಫೈರ್‌ವಾಲ್ ಆ ಹೆಸರು ಓದಿ ಸಂಪರ್ಕ ಕಡಿಯುತ್ತದೆ. ಪರದೆಯಲ್ಲಿ “ಕನೆಕ್ಷನ್ ರೀಸೆಟ್” ಎಂದು ಬರುತ್ತದೆ. ಡಿಎನ್‌ಎಸ್ ಬದಲಿಸಿದರೂ ಇಂಥ ಕಡೆ ಏನೂ ಆಗದಿರುವುದು ಇದಕ್ಕೇ.

ಸೈಟ್‌ಗಳನ್ನು ಯಾರೂ ಕೂತು ಒಂದೊಂದಾಗಿ ತಡೆಯುವುದಿಲ್ಲ. ಫೈರ್‌ವಾಲ್ ಕಂಪನಿಯ ಹತ್ತಿರ ಒಂದು ದೊಡ್ಡ ಪಟ್ಟಿ ಇರುತ್ತದೆ. ಆಟ, ಸಿನಿಮಾ, ಜೂಜು, ಫೈಲ್ ಹಂಚಿಕೆ ಎಂದು ವರ್ಗಗಳು. ಕಾಲೇಜು ವರ್ಗಕ್ಕೆ ಟಿಕ್ ಹಾಕುತ್ತದೆ. ತಪ್ಪು ನಡೆಯುವುದು ಇಲ್ಲೇ. ಸ್ತನ ಕ್ಯಾನ್ಸರ್ ಬಗ್ಗೆ ಓದಲು ಹೋದ ನರ್ಸಿಂಗ್ ವಿದ್ಯಾರ್ಥಿನಿಗೆ ಅಶ್ಲೀಲ ವರ್ಗ ಎಂದು ತೋರಿಸಿದ್ದನ್ನು ನಾನೇ ನೋಡಿದ್ದೇನೆ. ಅವಳಿಗೆ ಎಷ್ಟು ಮುಜುಗರವಾಗಿರಬೇಡ! ತಪ್ಪು ಪಟ್ಟಿಯದು, ಅವಳದಲ್ಲ. ಹೊಸದಾಗಿ ನೋಂದಾದ ಸೈಟ್‌ಗಳನ್ನು ಸುಮ್ನೆ ತಡೆಯುವ ವರ್ಗವೂ ಒಂದಿರುತ್ತದೆ. ದೊಡ್ಡ ಫೈರ್‌ವಾಲ್ ಕಂಪನಿಗಳು ಸೈಟಿನ ವರ್ಗ ನೋಡಲು, ತಪ್ಪಿದ್ದರೆ ತಿದ್ದಲು ಕೋರಿಕೆ ಹಾಕಲು ಸಾರ್ವಜನಿಕ ಪುಟ ಇಟ್ಟಿರುತ್ತವೆ. ವರ್ಗದ ಹೆಸರು ಬರೆದಿಟ್ಟುಕೊಳ್ಳಿ ಎಂದದ್ದು ಇದಕ್ಕೇ.

ಅರ್ಧ ತೆರೆಯುವ ಪುಟ

ಇದು ಎಲ್ಲಕ್ಕಿಂತ ಜಾಸ್ತಿ ತಲೆ ತಿನ್ನುವ ದೋಷ. ಸೈಟ್ ತೆರೆಯುತ್ತದೆ, ಆದರೆ ಬೇಕಾದ್ದು ಕಾಣುವುದಿಲ್ಲ.

ಎನ್‌ಪಿಟಿಇಎಲ್ ನೋಡಿ. ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್‌ಸಿ ಸೇರಿ ನಡೆಸುವ ಪಾಠಗಳು. ನಮ್ಮ ಹುಡುಗರಿಗೆ ಅದೇ ದೊಡ್ಡ ಆಸರೆ. ಲ್ಯಾಬಿನಲ್ಲಿ ಪುಟ ಬರುತ್ತಿತ್ತು, ಪಾಠದ ಪಟ್ಟಿ ಬರುತ್ತಿತ್ತು, ವಿಡಿಯೋ ಜಾಗದಲ್ಲಿ ಮಾತ್ರ ಕಪ್ಪು ಚೌಕ. ಹುಡುಗರು “ಸೈಟ್ ಹಾಳಾಗಿದೆ” ಎಂದರು. ನಿಜ ಏನೆಂದರೆ ಆ ವಿಡಿಯೋಗಳು ಇರುವುದು ಯೂಟ್ಯೂಬ್‌ನಲ್ಲಿ. ಯೂಟ್ಯೂಬ್ ಮನರಂಜನೆ ಎಂದು ತಡೆಯಲಾಗಿತ್ತು.

ಇದನ್ನು ಹಿಡಿಯಲು ಎಫ್12 ಒತ್ತಿ. ಬಲಕ್ಕೋ ಕೆಳಕ್ಕೋ ಒಂದು ಕಿಟಕಿ ತೆರೆಯುತ್ತದೆ. ಅದರಲ್ಲಿ ನೆಟ್‌ವರ್ಕ್ ಎಂಬ ಟ್ಯಾಬ್ ಆರಿಸಿ, ಪುಟವನ್ನು ಮತ್ತೆ ಲೋಡ್ ಮಾಡಿ. ಪುಟ ಎಲ್ಲೆಲ್ಲಿಂದ ಏನೇನು ತರಿಸಿಕೊಳ್ಳುತ್ತಿದೆ ಎಂದು ಸಾಲಾಗಿ ಕಾಣುತ್ತದೆ. ಕೆಂಪಾಗಿರುವ ಸಾಲುಗಳೇ ಬರದೆ ನಿಂತವು. ಅವುಗಳ ಸೈಟ್ ಹೆಸರು ಬರೆದುಕೊಳ್ಳಿ. ಒಮ್ಮೆ ರೂಢಿಯಾದರೆ ಎರಡು ನಿಮಿಷದ ಕೆಲಸ.

ಅರ್ಜಿ ಫಾರಂಗಳಲ್ಲಿ “ನಾನು ರೋಬೋ ಅಲ್ಲ” ಎಂಬ ಚೌಕ ಬರದಿದ್ದರೆ ಹೀಗೇ ನೋಡಿ. ಗೂಗಲ್‌ನ ರೀಕ್ಯಾಪ್ಚಾ ಆಗಿದ್ದರೆ ಜಿಸ್ಟ್ಯಾಟಿಕ್ ಡಾಟ್ ಕಾಮ್ ಎಂಬ ಸೈಟೂ ಬಿಟ್ಟಿರಬೇಕು. ಅದನ್ನು ತಡೆದರೆ ಇಡೀ ಫಾರಂ ತುಂಬಿದ ಮೇಲೂ ಸಲ್ಲಿಸಲು ಆಗುವುದಿಲ್ಲ. ಕಡೆ ದಿನ ಸಂಜೆ ಇದು ಬಂದರೆ ವಿದ್ಯಾರ್ಥಿಗಳ ಕಷ್ಟ ನೋಡಲಾಗುವುದಿಲ್ಲ.

ಯೂಟ್ಯೂಬ್ ಪೂರ್ತಿ ಬಿಡಲು ಕಾಲೇಜಿಗೆ ಮನಸ್ಸಿಲ್ಲದಿದ್ದರೆ ನಡುದಾರಿ ಇದೆ. ಯೂಟ್ಯೂಬ್‌ಗೆ ನಿರ್ಬಂಧಿತ ಮೋಡ್ ಎಂಬುದುಂಟು. ಅದನ್ನು ಇಡೀ ನೆಟ್‌ವರ್ಕ್‌ಗೆ ಹಾಕಬಹುದು. ದೊಡ್ಡವರ ವಿಷಯದ ವಿಡಿಯೋ ಹೋಗುತ್ತದೆ, ಕಾಮೆಂಟ್ ಕಾಣುವುದಿಲ್ಲ, ಪಾಠ ಉಳಿಯುತ್ತದೆ. ಕೆಲವು ಸಲ ಒಳ್ಳೆಯ ವಿಡಿಯೋ ಕೂಡ ಅಡಗುತ್ತದೆ. ಆದರೂ ಕಪ್ಪು ಚೌಕಕ್ಕಿಂತ ಎಷ್ಟೋ ವಾಸಿ.

ಬ್ಲಾಕ್‌ನಂತೆಯೇ ಕಾಣುವ ಲೈನ್ ದೋಷ

ಕೆಲವು ಸೈಟ್ ಚೆನ್ನಾಗಿ ಬರುತ್ತವೆ, ಕೆಲವು ಸುತ್ತುತ್ತಲೇ ಇರುತ್ತವೆ, ಫೋಟೋ ಅಪ್‌ಲೋಡ್ ಆಗುವುದಿಲ್ಲ, ಬ್ಲಾಕ್ ಪುಟವೂ ಇಲ್ಲ. ಎಲ್ಲ ಕಂಪ್ಯೂಟರಿನಲ್ಲೂ ಹೀಗೇ. ಆಗ ರೌಟರಿನ ಎಂಟಿಯು ನೋಡಿ. ಒಂದು ಪೊಟ್ಟಣದಲ್ಲಿ ಎಷ್ಟು ಬೈಟ್ ಕಳಿಸಬಹುದು ಎಂಬ ಮಿತಿ ಅದು. ಮಾಮೂಲಿ 1500. ಯೂಸರ್‌ನೇಮ್ ಹಾಕಿ ಡಯಲ್ ಮಾಡುವ ಪಿಪಿಪಿಓಇ ಬ್ರಾಡ್‌ಬ್ಯಾಂಡಿನಲ್ಲಿ 8 ಬೈಟ್ ಅದಕ್ಕೇ ಹೋಗಿ 1492 ಉಳಿಯುತ್ತದೆ. ಒಡೆಯಬೇಡ ಎಂಬ ಆಯ್ಕೆ ಹಾಕಿ 1464 ಬೈಟ್‌ನ ಪಿಂಗ್ ಕಳಿಸಿ. ಪಿಂಗ್‌ಗೆ ಉತ್ತರ ಕೊಡುವುದು ಗೊತ್ತಿರುವ 8.8.8.8ಕ್ಕೇ ಕಳಿಸಿ. ತಲೆಬರಹದ 28 ಸೇರಿ ಸರಿಯಾಗಿ 1492 ಆಗುತ್ತದೆ. ಅದು ಹೋಗಿ 1472 ಹೋಗದಿದ್ದರೆ ರೌಟರಿನಲ್ಲಿ ಎಂಟಿಯು 1492 ಇರಲಿ, ಎಂಎಸ್‌ಎಸ್ (ಪೊಟ್ಟಣದ ತಲೆಬರಹ ಬಿಟ್ಟು ಒಳಗಿನ ಮಾಹಿತಿಯ ಮಿತಿ) 1452 ಇರಲಿ. ವಿಜಯಪುರದ ನೆಟ್ ಸೆಂಟರ್‌ನಲ್ಲಿ ಈ ಒಂದು ಸಂಖ್ಯೆಗಾಗಿ ನಾನು ನಾಲ್ಕು ದಿನ ಹುಡುಕಿದ್ದೇನೆ.

ದೇಶದ ಮಟ್ಟದ ತಡೆ

ಇದು ಕಾಲೇಜಿನ ಕೈಯಲ್ಲಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 69ಎ ವಿಧಿ ಮತ್ತು 2009ರ ನಿಯಮಗಳ ಪ್ರಕಾರ ಕೇಂದ್ರ ಸರ್ಕಾರ ಸೈಟ್ ತಡೆಯಲು ಆದೇಶಿಸಬಹುದು. ಕೋರ್ಟ್ ಆದೇಶದಿಂದಲೂ ತಡೆಯುತ್ತಾರೆ. 2020ರ ಜೂನ್ 29ರಂದು ಟಿಕ್‌ಟಾಕ್ ಸೇರಿ 59 ಆಪ್‌ಗಳು ನಿಂತದ್ದು ಎಲ್ಲರಿಗೂ ನೆನಪಿದೆ. ಪ್ರೋಗ್ರಾಂ ಕೋಡ್ ಹಂಚಿಕೊಳ್ಳುವ ಗಿಟ್‌ಹಬ್‌ನಂಥ ಸೈಟ್ ಕೂಡ 2014ರ ಡಿಸೆಂಬರ್‌ನಲ್ಲಿ 32 ಸೈಟ್‌ಗಳ ಪಟ್ಟಿಯಲ್ಲಿ ಸಿಕ್ಕಿಬಿದ್ದಿತ್ತು, ಆಮೇಲೆ ಬಿಟ್ಟರು. ವಿಡಿಯೋ ನೋಡಲು ಬಳಸುವ ವಿಎಲ್‌ಸಿ ಪ್ಲೇಯರಿನ ಅಧಿಕೃತ ಸೈಟ್ 2022ರಲ್ಲಿ ಹಲವು ತಿಂಗಳು ಭಾರತದ ಹಲವು ಕಂಪನಿಗಳ ನೆಟ್‌ನಲ್ಲಿ ಬರುತ್ತಿರಲಿಲ್ಲ, ಕೆಲವುಗಳಲ್ಲಿ ಬರುತ್ತಿತ್ತು. ಆ ವರ್ಷದ ನವೆಂಬರ್‌ನಲ್ಲಿ ತೆರವಾಯಿತು. ಲ್ಯಾಬಿನಲ್ಲಿ ವಿಎಲ್‌ಸಿ ಬೇಕಾದಾಗ ನಾವು ಲಿನಕ್ಸ್‌ನ ಸಾಫ್ಟ್‌ವೇರ್ ಭಂಡಾರದಿಂದ ಹಾಕಿಕೊಂಡೆವು.

ವಿಪಿಎನ್, ಪುಕ್ಕಟೆ ಪ್ರಾಕ್ಸಿ, ಹಾಟ್‌ಸ್ಪಾಟ್

ಇಲ್ಲಿ ನಾನು ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ವಿಪಿಎನ್ ಕೆಲಸ ಮಾಡುತ್ತದೆಯೇ? ಕೆಲವು ಕಡೆ ಮಾಡುತ್ತದೆ. ಆದರೆ ಈಗಿನ ಫೈರ್‌ವಾಲ್‌ಗಳು ವಿಪಿಎನ್ ಸಂಚಾರದ ಗುರುತು ಹಿಡಿಯುತ್ತವೆ, ಯಾವ ಲಾಗಿನ್‌ನಿಂದ ಬಂತು ಎಂದೂ ದಾಖಲೆ ಇಡುತ್ತವೆ. ವಿಪಿಎನ್ ಹಾಕಿದರೆ ಗುಟ್ಟಾಗಿರುತ್ತದೆ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ನಿಮ್ಮ ಸಂಚಾರವೆಲ್ಲ ಆ ವಿಪಿಎನ್ ಕಂಪನಿಯ ಮೂಲಕ ಹೋಗುತ್ತದೆ. ಭಾರತದಲ್ಲಿ ಸೇವೆ ಕೊಡುವ ವಿಪಿಎನ್ ಕಂಪನಿಗಳು ಗ್ರಾಹಕರ ವಿವರವನ್ನು 5 ವರ್ಷ ಇಡಬೇಕೆಂದು ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಆದೇಶಿಸಿದೆ.

ವೆಬ್ ಪ್ರಾಕ್ಸಿ ಇನ್ನೂ ಅಪಾಯ. “ವಿಳಾಸ ಇಲ್ಲಿ ಹಾಕಿ, ನಾವು ತೆರೆದು ತೋರಿಸುತ್ತೇವೆ” ಎನ್ನುವ ಸೈಟ್‌ಗಳವು. ನೀವು ಹಾಕಿದ ಪಾಸ್‌ವರ್ಡ್, ಓಟಿಪಿ ಎಲ್ಲವನ್ನೂ ಅವರು ಓದಬಲ್ಲರು. ಪುಕ್ಕಟೆ ಎಕ್ಸ್‌ಟೆನ್ಶನ್ ಹಾಕುವಾಗ “ಎಲ್ಲ ಸೈಟ್‌ಗಳಲ್ಲಿ ನಿಮ್ಮ ಮಾಹಿತಿಯನ್ನು ಓದಲು, ಬದಲಿಸಲು ಅನುಮತಿ” ಕೇಳುತ್ತದೆ. ಆ ಸಾಲನ್ನು ಓದಿ. ಒಮ್ಮೆ ಹಾಕಿದ್ದರೆ ತೆಗೆದು, ಪಾಸ್‌ವರ್ಡ್‌ಗಳನ್ನು ಇವತ್ತೇ ಬದಲಿಸಿ.

ನನಗೆ ಸರಿ ಕಾಣುವ ದಾರಿ ಸ್ವಂತ ಫೋನಿನ ಡೇಟಾ, ಸ್ವಂತ ಲ್ಯಾಪ್‌ಟಾಪ್. ಅಲ್ಲಿ ಕಾಲೇಜಿನ ನಿಯಮ ಮುರಿದ ಹಾಗಾಗುವುದಿಲ್ಲ. ಆದರೆ ಲ್ಯಾಬಿನ ಅಥವಾ ಆಫೀಸಿನ ಕಂಪ್ಯೂಟರಿಗೆ ಫೋನಿನ ಹಾಟ್‌ಸ್ಪಾಟ್ ಜೋಡಿಸಬೇಡಿ. ಒಳಗಿನ ನೆಟ್‌ವರ್ಕ್‌ಗೂ ಹೊರಗಿನ ಇಂಟರ್ನೆಟ್‌ಗೂ ಹಿಂಬಾಗಿಲು ಬಿದ್ದಂತಾಗುತ್ತದೆ.

ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಫೌಂಡ್ರಿಯೊಂದರ ಆಫೀಸಿನಲ್ಲಿರುವ ನನ್ನ ಗೆಳೆಯನಿಗೆ ಇದೇ ಪೇಚು ಬಂತು. ಪುಣೆಯ ಗ್ರಾಹಕರು ಎರಕದ ಡ್ರಾಯಿಂಗನ್ನು ಫೈಲ್ ಹಂಚುವ ಸೈಟಿನಲ್ಲಿ ಕಳಿಸಿದ್ದರು. ಆಫೀಸಿನಲ್ಲಿ ಆ ವರ್ಗವೇ ಬಂದ್. “ವಿಪಿಎನ್ ಹಾಕ್ಲೇನಲೇ?” ಎಂದು ಫೋನ್ ಮಾಡಿದ. ಬೇಡ ಎಂದೆ. ಅದು ಗ್ರಾಹಕರ ಡ್ರಾಯಿಂಗ್, ಹೊರಗೆ ಹೋದರೆ ಕೆಲಸಕ್ಕೇ ಕುತ್ತು. ಅವನು ಐಟಿಯವರನ್ನು ಕೇಳಿದ. ಅರ್ಧ ಗಂಟೆಯಲ್ಲಿ ಅವನ ಕಂಪ್ಯೂಟರಿಗೆ ಮಾತ್ರ, ಆ ದಿನಕ್ಕೆ ಮಾತ್ರ ಬಿಟ್ಟುಕೊಟ್ಟರು.

ಕೇಳುವುದು ಹೇಗೆ

“ಸೈಟ್ ಬರ್ತಿಲ್ಲ, ಬಿಡ್ರಿ” ಎಂದರೆ ಯಾರೂ ಬಿಡುವುದಿಲ್ಲ. ನನಗೆ ಬಂದ ಒಂದು ಒಳ್ಳೆಯ ಪತ್ರ ಹೀಗಿತ್ತು:

“ಸರ್, ಲ್ಯಾಬ್ 2ರ 14ನೇ ಕಂಪ್ಯೂಟರಿನಲ್ಲಿ ಮಂಗಳವಾರ ಬೆಳಿಗ್ಗೆ 11.20ಕ್ಕೆ ಎನ್‌ಪಿಟಿಇಎಲ್ ಪಾಠದ ಪುಟ ತೆರೆದೆ. ಪುಟ ಬಂತು, ವಿಡಿಯೋ ಬರಲಿಲ್ಲ. ಎಫ್12ರಲ್ಲಿ ಯೂಟ್ಯೂಬ್‌ನ ಸಾಲು ಕೆಂಪಾಗಿದೆ, ಫೋಟೋ ಜೊತೆಗಿದೆ. ಮೊಬೈಲ್ ಡೇಟಾದಲ್ಲಿ ಸರಿಯಾಗಿ ಬರುತ್ತಿದೆ. ಐದನೇ ಸೆಮಿಸ್ಟರಿನ ಪಾಠಕ್ಕೆ ಬೇಕು. ನಿರ್ಬಂಧಿತ ಮೋಡ್‌ನಲ್ಲಾದರೂ ಬಿಡಲು ಆಗುತ್ತದೆಯೇ?”

ಇದರಲ್ಲಿ ಎಲ್ಲವೂ ಇದೆ. ಸಮಯ ಇರುವುದರಿಂದ ಫೈರ್‌ವಾಲ್ ದಾಖಲೆಯಲ್ಲಿ ಆ ಸಾಲನ್ನು ನೇರವಾಗಿ ಹುಡುಕಿದೆ. ಪ್ರಾಂಶುಪಾಲರಿಗೆ ತೋರಿಸಲು ಕಾರಣವೂ ಸಿಕ್ಕಿತು. ಅವರು ಒಪ್ಪಿದರು.

ಲ್ಯಾಬ್ ನೋಡಿಕೊಳ್ಳುವವರಿಗೆ ಒಂದು ಮಾತು. ಇಡೀ ವರ್ಗವನ್ನು ತೆರೆಯಬೇಡಿ, ಬೇಕಾದ ಸೈಟ್ ಹೆಸರುಗಳನ್ನು ಮಾತ್ರ ಬಿಡಿ. ಬಿಟ್ಟ ಮೇಲೆ ನಿಮ್ಮ ಲಾಗಿನ್‌ನಲ್ಲಿ ನೋಡಿ “ಬಂತು” ಎಂದು ಹೇಳಬೇಡಿ. ಸಿಬ್ಬಂದಿಗೆ ಒಂದು ನಿಯಮ, ವಿದ್ಯಾರ್ಥಿಗಳಿಗೆ ಇನ್ನೊಂದು ನಿಯಮ ಇರುತ್ತದೆ. ಆ ದಿನ ನನ್ನ ಲಾಗಿನ್‌ನಲ್ಲಿ ವಿಡಿಯೋ ಓಡಿತು. ಪತ್ರ ಬರೆದ ಹುಡುಗನ ಲಾಗಿನ್‌ನಲ್ಲಿ ಮತ್ತದೇ ಕಪ್ಪು ಚೌಕ. ಹೊಸ ನಿಯಮವನ್ನು ಸಿಬ್ಬಂದಿಯ ಗುಂಪಿಗೆ ಮಾತ್ರ ಹಾಕಿದ್ದೆ. ವಿದ್ಯಾರ್ಥಿಗಳ ಗುಂಪಿಗೂ ಹಾಕಿ, ಅವನಿಗೆ ಲಾಗ್‌ಔಟ್ ಮಾಡಿಸಿ, ಮತ್ತೆ ಲಾಗಿನ್ ಮಾಡಿಸಿದೆ. ಆಮೇಲೆ ಹದಿನಾಲ್ಕನೇ ಕಂಪ್ಯೂಟರಿನಲ್ಲಿ ಪಾಠ ಶುರುವಾಯಿತು.